ಹಳೆಯ ಕಂಪ್ಯೂಟರಿಗೆ ಹೊಸ ಪಾರುಪತ್ತೆಗಾರ ಬೇಕೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ತನ್ನ ‘ವಿಂಡೋಸ್ 10’ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. 2015ರ ಜುಲೈನಲ್ಲಿ ಬಿಡುಗಡೆಯಾಗಿ ಹತ್ತು ವರ್ಷ ಜಗತ್ತಿನಾದ್ಯಂತ ಮನೆ, ಶಾಲೆ, ಕಚೇರಿಗಳ ಮೇಜನ್ನು ಆಳಿದ ತಂತ್ರಾಂಶ ಅದು. ಮರುದಿನ ಯಾವ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ಎಂದಿನಂತೆ ಗುಂಡಿ ಒತ್ತಿದರೆ ದೀಪ ಹತ್ತಿತು, ಪರದೆ ಬೆಳಗಿತು. ಆದರೂ ಅನೇಕ ಮನೆಗಳಲ್ಲಿ ಅಂದಿನಿಂದ ಒಂದು ಚರ್ಚೆ ಶುರುವಾಗಿದೆ. “ಈ ಲ್ಯಾಪ್‌ಟಾಪ್ ಇನ್ನು ಪ್ರಯೋಜನವಿಲ್ಲವಂತೆ, ಹೊಸದು ಕೊಡಿಸಿ” ಎಂದು ಮಕ್ಕಳು, “ಚೆನ್ನಾಗಿಯೇ ಓಡುತ್ತಿದೆಯಲ್ಲ, ಏನಾಗಿದೆ ಇದಕ್ಕೆ?” ಎಂದು ಹಿರಿಯರು.

ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. 2020ರ ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಕಂಪ್ಯೂಟರ್ ಕೊಂಡ ಕುಟುಂಬಗಳು ಎಷ್ಟೋ. ಹೊಸದರ ಬೆಲೆ ತೆರಲಾರದೆ ಸೆಕೆಂಡ್ ಹ್ಯಾಂಡ್ ಯಂತ್ರ ತಂದವರೂ ಉಂಟು. ಆ ಯಂತ್ರವನ್ನು ಮೂಲೆಗೆ ತಳ್ಳಿ ಮತ್ತೆ ಹಲವು ಸಾವಿರ ರೂಪಾಯಿ ಸುರಿಯಬೇಕೆ? ಅಥವಾ ಯಂತ್ರವನ್ನು ಹಾಗೆಯೇ ಇಟ್ಟುಕೊಂಡು ಅದರೊಳಗಿನ ವ್ಯವಸ್ಥೆಯನ್ನಷ್ಟೇ ಬದಲಿಸಿದರೆ ಸಾಕೆ? ಅವಸರಪಟ್ಟರೆ ಹಣ ಹೋದೀತು, ಉದಾಸೀನ ಮಾಡಿದರೆ ಮಗನ ಅಥವಾ ಮಗಳ ಪ್ರಾಜೆಕ್ಟ್ ವರದಿಯೇ ಹೋದೀತು. ಆದ್ದರಿಂದ ವಿಷಯವನ್ನು ಬುಡದಿಂದ ನೋಡುವುದು ಒಳ್ಳೆಯದು.

ಛತ್ರದ ಪಾರುಪತ್ತೆಗಾರ

ಆಪರೇಟಿಂಗ್ ಸಿಸ್ಟಮ್, ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ. ಹಾಗೆಂದರೇನು? ಮದುವೆ ಛತ್ರವೊಂದನ್ನು ನೆನೆದುಕೊಳ್ಳಿ. ಅಡುಗೆಯವರಿಗೆ ನೀರು, ಸೌದೆ ಬೇಕು. ವಾದ್ಯದವರಿಗೆ ಜಾಗ ಬೇಕು. ಬೀಗರಿಗೆ ಕೋಣೆ ಬೇಕು. ಎಲ್ಲರಿಗೂ ವಿದ್ಯುತ್ ಬೇಕು. ಇವರೆಲ್ಲರೂ ಒಬ್ಬರ ಮೇಲೊಬ್ಬರು ಬೀಳದಂತೆ ಯಾರಿಗೆ ಯಾವ ಕೋಣೆ, ಯಾವ ಹೊತ್ತಿಗೆ ಎಷ್ಟು ನೀರು ಎಂದು ನಿಭಾಯಿಸುವ ಪಾರುಪತ್ತೆಗಾರ ಒಬ್ಬನಿರುತ್ತಾನೆ. ಬಾಗಿಲ ಬೀಗದ ಕೈಯೂ ಅವನ ಸೊಂಟದಲ್ಲೇ.

ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದೇ ಕಾರ್ಯಾಚರಣ ವ್ಯವಸ್ಥೆ. ನೀವು ಪತ್ರ ಬರೆಯುವ, ಲೆಕ್ಕ ಮಾಡುವ, ಚಿತ್ರ ನೋಡುವ ತಂತ್ರಾಂಶಗಳೆಲ್ಲ ಅತಿಥಿಗಳು. ಸಂಸ್ಕಾರಕ, ಸ್ಮರಣಕೋಶ, ಡಿಸ್ಕ್, ಪ್ರಿಂಟರ್ ಇವೆಲ್ಲ ಛತ್ರದ ಸವಲತ್ತುಗಳು. ವಿಂಡೋಸ್ ಅಂಥ ಒಬ್ಬ ಪಾರುಪತ್ತೆಗಾರ. ಆಪಲ್ ಕಂಪನಿಯ ಮ್ಯಾಕ್ ಓಎಸ್ ಇನ್ನೊಬ್ಬ. ಆದರೆ ಅವನು ಆಪಲ್ಲಿನ ಯಂತ್ರಗಳಲ್ಲಿ ಮಾತ್ರ ಕೆಲಸಕ್ಕೆ ನಿಲ್ಲುವವನು. ಮೂರನೆಯವನು ಲಿನಕ್ಸ್. ಇವನಿಗೆ ಸಂಬಳವಿಲ್ಲ, ಯಾವ ಛತ್ರಕ್ಕಾದರೂ ಬರುತ್ತಾನೆ. ಆದರೆ ಎಲ್ಲ ಅತಿಥಿಗಳಿಗೂ ಇವನ ಭಾಷೆ ಬರುವುದಿಲ್ಲ. ನಮ್ಮ ಪ್ರಶ್ನೆಯ ಗಂಟೆಲ್ಲ ಇರುವುದು ಈ ಕೊನೆಯ ಮಾತಿನಲ್ಲೇ.

ಬೆಂಬಲ ನಿಂತರೆ ಏನಾಗುತ್ತದೆ?

ಎಂಥ ತಂತ್ರಾಂಶದಲ್ಲೂ ಬರೆದವರ ಕಣ್ಣು ತಪ್ಪಿಸಿ ಉಳಿದ ಬಿರುಕುಗಳಿರುತ್ತವೆ. ಕಳ್ಳರು ಅವನ್ನು ಹುಡುಕುತ್ತಲೇ ಇರುತ್ತಾರೆ. ಬಿರುಕು ಪತ್ತೆಯಾದಾಗಲೆಲ್ಲ ಕಂಪನಿ ತೇಪೆ ಹಾಕಿ ಕಳುಹಿಸುತ್ತದೆ. ನಾವು ಬೇಸರಪಟ್ಟುಕೊಂಡು ಕಾಯುವ ‘ಅಪ್‌ಡೇಟ್’ ಎಂದರೆ ಬಹುಮಟ್ಟಿಗೆ ಈ ತೇಪೆಯೇ. ಬೆಂಬಲ ನಿಂತಿತು ಎಂದರೆ ಇನ್ನು ಮುಂದೆ ಕಾಣುವ ಬಿರುಕುಗಳಿಗೆ ತೇಪೆ ಬಾರದು ಎಂದರ್ಥ.

ತೇಪೆ ಹಾಕಿಸಿಕೊಳ್ಳದಿದ್ದರೆ ಏನಾದೀತು ಎಂಬುದಕ್ಕೆ 2017ರ ಮೇ ತಿಂಗಳ ‘ವನ್ನಾಕ್ರೈ’ ಹಾವಳಿಯೇ ಸಾಕ್ಷಿ. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳೊಳಗೆ ನುಗ್ಗಿದ ಈ ಕುತಂತ್ರಾಂಶ ಅಲ್ಲಿನ ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಇದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಉಳಿದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಆದ್ದರಿಂದ “ಓಡುತ್ತಿದೆಯಲ್ಲ” ಎಂಬ ಹಿರಿಯರ ಮಾತು ಅರ್ಧ ಸತ್ಯ. ಇಂಟರ್‌ನೆಟ್ಟಿಗೆ ಜೋಡಿಸದೆ, ಬರೀ ಟೈಪಿಂಗಿಗೆ ಬಳಸುವ ಯಂತ್ರಕ್ಕೆ ಭಯ ಕಡಿಮೆ. ಆಗಲೂ ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವ್ ಚುಚ್ಚುವಾಗ ಎಚ್ಚರ ಬೇಕು. ಬ್ಯಾಂಕ್ ವ್ಯವಹಾರ, ಕಾಲೇಜು ಶುಲ್ಕ, ವಿದ್ಯಾರ್ಥಿವೇತನದ ಅರ್ಜಿಗಳನ್ನೆಲ್ಲ ಅದರಲ್ಲೇ ಮಾಡುವುದಾದರೆ ಬೆಂಬಲವಿಲ್ಲದ ವ್ಯವಸ್ಥೆ ತಕ್ಕುದಲ್ಲ.

ಮುಂದಿರುವ ದಾರಿಗಳು

ಮೊದಲನೆಯದು, ಇರುವ ಯಂತ್ರಕ್ಕೇ ವಿಂಡೋಸ್ 11 ಹಾಕಿಕೊಳ್ಳುವುದು. 2021ರ ಅಕ್ಟೋಬರಿನಲ್ಲಿ ಬಂದ ಇದು ಹಳೆಯ ಯಂತ್ರಗಳ ಮಟ್ಟಿಗೆ ಬಹಳ ಮಡಿವಂತ. ಕನಿಷ್ಠ 4 ಜಿಬಿ ಸ್ಮರಣಕೋಶ, 64 ಜಿಬಿ ಡಿಸ್ಕ್ ಮಾತ್ರವಲ್ಲ, ‘ಟಿಪಿಎಂ 2.0’ ಎಂಬ ಭದ್ರತಾ ಅಂಗವೂ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ನಿಮ್ಮ ಯಂತ್ರ ಈ ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂದು ಹೇಳಲು ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶವನ್ನು ಮೈಕ್ರೋಸಾಫ್ಟೇ ಕೊಡುತ್ತದೆ. ಫೇಲಾದ ಕೂಡಲೇ ಆಸೆ ಬಿಡಬೇಡಿ. ಟಿಪಿಎಂ ಇದ್ದೂ ಯಂತ್ರದ ಒಳ ಸೆಟ್ಟಿಂಗಿನಲ್ಲಿ ಅದನ್ನು ಆರಿಸಿಟ್ಟಿರುವುದುಂಟು. ತಿಳಿದವರಿಂದ ಹಚ್ಚಿಸಿಕೊಂಡರೆ ಖರ್ಚಿಲ್ಲದೆ ಕೆಲಸವಾದೀತು.

ಆದರೆ ಅರ್ಹತೆ ಇಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ತುಂಬಿಕೊಡುವವರು ಇದ್ದಾರೆ. ಇಂಥ ಯಂತ್ರಗಳಿಗೆ ತೇಪೆ ಪಡೆಯುವ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಹಾಗಾದರೆ ಬದಲಿಸಿದ ಉದ್ದೇಶವೇ ವ್ಯರ್ಥ. ನಕಲಿ ಪ್ರತಿಯ ಮಾತಂತೂ ಬೇಡವೇ ಬೇಡ. ಕಳ್ಳನಿಂದ ಬೀಗ ಕೊಂಡಂತೆ ಅದು.

ಎರಡನೆಯದು, ಸ್ವಲ್ಪ ಕಾಲಾವಕಾಶ ಪಡೆಯುವುದು. ವಿಂಡೋಸ್ 10ಕ್ಕೆ ಭದ್ರತೆಯ ತೇಪೆಗಳನ್ನು ಮಾತ್ರ 2026ರ ಅಕ್ಟೋಬರ್ 13ರವರೆಗೆ ಕೊಡುವ ಯೋಜನೆಯನ್ನು ಕಂಪನಿ ಪ್ರಕಟಿಸಿತು. ಯಂತ್ರದ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಬ್ಯಾಕಪ್ ಇಡಲು ಒಪ್ಪಿದವರಿಗೆ ಇದಕ್ಕೆ ಹಣವಿಲ್ಲ; ಒಪ್ಪದವರಿಗೆ 30 ಡಾಲರ್ ಎಂದಿತು. ಇದು ರೋಗಕ್ಕೆ ಮದ್ದಲ್ಲ, ಆಸ್ಪತ್ರೆಗೆ ಹೋಗುವವರೆಗಿನ ಪ್ರಥಮ ಚಿಕಿತ್ಸೆ.

ಮೂರನೆಯದು ಹೊಸ ಯಂತ್ರ. ನಾಲ್ಕನೆಯದು ಲಿನಕ್ಸ್.

ವಿದ್ಯಾರ್ಥಿಯೊಬ್ಬನ ಹವ್ಯಾಸ

ಲಿನಕ್ಸ್ ಹುಟ್ಟಿದ್ದೇ ಒಬ್ಬ ವಿದ್ಯಾರ್ಥಿಯ ಕೋಣೆಯಲ್ಲಿ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟಿನಲ್ಲಿ, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿರುವುದಾಗಿ ಜಾಲದ ಗೆಳೆಯರಿಗೆ ತಿಳಿಸಿದ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಘೋಷಿಸಿದ್ದ ‘ಗ್ನೂ’ ಯೋಜನೆಯ ಮುಕ್ತ ತಂತ್ರಾಂಶಗಳು ಇದರ ಜೊತೆಗೂಡಿದವು. ಇದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಪ್ರಪಂಚದ ಸಾವಿರಾರು ತಂತ್ರಜ್ಞರು ಹಾಗೆಯೇ ತಿದ್ದಿ ಬೆಳೆಸಿದ್ದಾರೆ.

ಇಂದು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಜಗತ್ತಿನ ಅತ್ಯಂತ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನ ವೇಳೆಗೆ ಐನೂರಕ್ಕೆ ಐನೂರೂ ಲಿನಕ್ಸಿನವೇ ಆದವು. ಮನೆಯ ಕಂಪ್ಯೂಟರಿಗೆ ಹೊಂದುವಂತೆ ಇದನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ಹೆಸರಿನಲ್ಲಿ ಸಿದ್ಧಪಡಿಸಿ ಕೊಡುತ್ತವೆ. 2004ರಲ್ಲಿ ಬಂದ ಉಬುಂಟು, 2006ರಲ್ಲಿ ಬಂದ ಲಿನಕ್ಸ್ ಮಿಂಟ್ ಹೊಸಬರಿಗೆ ಸುಲಭ ಎನಿಸಿಕೊಂಡಿವೆ. ಮಿಂಟ್‌ಗೆ ಕನಿಷ್ಠ 2 ಜಿಬಿ ಸ್ಮರಣಕೋಶ ಸಾಕು, 4 ಜಿಬಿ ಇದ್ದರೆ ಆರಾಮ. ವಿಂಡೋಸ್ 10 ಬಳಸಿದವರಿಗೆ ಪರದೆಯ ಕೆಳಗಿನ ಪಟ್ಟಿ, ಎಡಮೂಲೆಯ ಗುಂಡಿ ಎಲ್ಲ ಪರಿಚಿತವೆನಿಸುತ್ತವೆ.

ಗೆದ್ದವರು, ಹಿಂತಿರುಗಿದವರು

“ಇದೆಲ್ಲ ತಂತ್ರಜ್ಞರಿಗೆ ಸರಿ, ಶಾಲೆಯ ಮಕ್ಕಳಿಗೆ ಸಾಧ್ಯವೆ?” ಎಂಬ ಸಂದೇಹ ಸಹಜ. ಉತ್ತರ ಪಕ್ಕದ ರಾಜ್ಯದಲ್ಲೇ ಇದೆ. ಕೇರಳ 2000ರ ದಶಕದಲ್ಲಿ ತನ್ನ ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. ಈಗ ‘ಕೈಟ್’ ಎಂಬ ಹೆಸರಿನ ಅದೇ ಸಂಸ್ಥೆ ಉಬುಂಟುವನ್ನು ಶಾಲೆಗೆ ತಕ್ಕಂತೆ ಮಾರ್ಪಡಿಸಿ ಹಂಚುತ್ತದೆ. ಮಕ್ಕಳು ಅದರಲ್ಲೇ ಕಲಿಯುತ್ತಾರೆ, ಅದರಲ್ಲೇ ಪರೀಕ್ಷೆ ಕೊಡುತ್ತಾರೆ. ಅಲ್ಲಿ ಮೊದಲು ನಡೆದದ್ದು ಶಿಕ್ಷಕರ ತರಬೇತಿ. ಪಠ್ಯವನ್ನೂ ಹೊಸ ವ್ಯವಸ್ಥೆಗೆ ಹೊಂದಿಸಿ ಬರೆದರು ಎಂಬುದನ್ನು ಮರೆಯಬಾರದು.

ಇನ್ನೊಂದು ಮುಖವನ್ನೂ ನೋಡೋಣ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ತನ್ನ ಕಚೇರಿಗಳನ್ನು ಲಿನಕ್ಸಿಗೆ ಬದಲಿಸಲು ಹೊರಟು, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿ ಜಗತ್ತಿನ ಮೆಚ್ಚುಗೆ ಪಡೆಯಿತು. 2017ರಲ್ಲಿ ಅದೇ ನಗರ ಮತ್ತೆ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಹೊರಗಿನವರೊಡನೆ ಕಡತಗಳ ಕೊಡುಕೊಳ್ಳುವಿಕೆಯ ಕಿರಿಕಿರಿ, ವಿಂಡೋಸಿಗೆಂದೇ ಬರೆದ ಕಚೇರಿ ತಂತ್ರಾಂಶಗಳು, ಜೊತೆಗೆ ಸ್ಥಳೀಯ ರಾಜಕೀಯ ಹೀಗೆ ಹಲವು ಕಾರಣಗಳು ಚರ್ಚೆಯಾದವು.

ಕೇರಳದ ಮಕ್ಕಳು ಜಾಣರು, ಮ್ಯೂನಿಕ್ಕಿನ ಗುಮಾಸ್ತರು ದಡ್ಡರು ಎಂದು ಇದರರ್ಥವಲ್ಲ. ಕೇರಳದ ಶಾಲೆ ತನ್ನ ಕೆಲಸವನ್ನು ತಾನೇ ನಿರ್ಧರಿಸಬಲ್ಲದಾಗಿತ್ತು. ಮ್ಯೂನಿಕ್ಕಿನ ಕಚೇರಿ ದಿನಬೆಳಗಾದರೆ ಬೇರೆಯವರ ಕಡತಗಳೊಡನೆ ಏಗಬೇಕಿತ್ತು. ಮನೆಯ ತೀರ್ಮಾನಕ್ಕೂ ಇದೇ ಅಳತೆಗೋಲು. ಯಾವ ವ್ಯವಸ್ಥೆ ಶ್ರೇಷ್ಠ ಎಂದು ಕೇಳಬೇಡಿ. ನಿಮ್ಮ ಕೆಲಸಗಳಲ್ಲಿ ಯಾವುವು ನಿಮ್ಮ ಕೈಯಲ್ಲಿವೆ, ಯಾವುವು ಕಾಲೇಜಿನ ಅಥವಾ ಮುಂದೆ ಸೇರುವ ಕಚೇರಿಯ ಕೈಯಲ್ಲಿವೆ ಎಂದು ಕೇಳಿ.

ಯಾರಿಗೆ ಯಾವುದು?

ನಾಲ್ವರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳೋಣ. ಮೊದಲನೆಯವಳು ಒಂಬತ್ತನೆಯ ತರಗತಿ. ಅವಳಿಗೆ ಬೇಕಾದದ್ದು ಪಾಠದ ವಿಡಿಯೊ, ಪ್ರಬಂಧ ಬರೆಯಲು ಒಂದು ತಂತ್ರಾಂಶ, ರೇಖಾಗಣಿತಕ್ಕೆ ಜಿಯೋಜಿಬ್ರಾ, ಆಟವಾಡುತ್ತ ಪ್ರೋಗ್ರಾಮಿಂಗ್ ಕಲಿಯಲು ಸ್ಕ್ರ್ಯಾಚ್. ಇವೆಲ್ಲ ಲಿನಕ್ಸಿನಲ್ಲಿ ಸಲೀಸು. ವಿಂಡೋಸ್ 11ಕ್ಕೆ ಒಲ್ಲದ ಹಳೆಯ ಯಂತ್ರ ಅವಳಿಗೆ ಇನ್ನೂ ಕೆಲವು ವರ್ಷ ಬಾಳೀತು.

ಎರಡನೆಯವನು ಬಿ.ಕಾಂ. ಓದುತ್ತಿದ್ದಾನೆ. ಅವನ ಅನ್ನದ ಬಟ್ಟಲು ಟ್ಯಾಲಿ ಮತ್ತು ಎಕ್ಸೆಲ್. ಟ್ಯಾಲಿ ತಯಾರಾಗಿರುವುದು ವಿಂಡೋಸಿಗೆ. ಲಿಬ್ರೆ ಆಫೀಸಿನ ಲೆಕ್ಕದ ಹಾಳೆ ಒಳ್ಳೆಯದೇ, ಆದರೆ ನಾಳೆ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೇಳುವುದು ಎಕ್ಸೆಲ್ಲಿನ ಕೈಚಳಕ. ಇವನು ವಿಂಡೋಸ್ ಬಿಡುವುದು ಜಾಣತನವಲ್ಲ.

ಮೂರನೆಯವಳು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆಟೊಕ್ಯಾಡ್ ವಿಂಡೋಸ್ ಮತ್ತು ಮ್ಯಾಕ್‌ಗಳಿಗಷ್ಟೇ ಇದೆ. ಸಾಲಿಡ್‌ವರ್ಕ್ಸ್ ವಿಂಡೋಸಿಗೆ ಮಾತ್ರ. ಲಿನಕ್ಸಿನಲ್ಲಿ ಫ್ರೀಕ್ಯಾಡ್ ಇದೆಯಾದರೂ ಪ್ರಯೋಗಾಲಯದಲ್ಲಿ ಉಪನ್ಯಾಸಕರು ಕೇಳುವುದು ಅದನ್ನಲ್ಲ. ಇಂಥವರಿಗೆ ಹೊಸ ಯಂತ್ರದ ಖರ್ಚು ಅನಿವಾರ್ಯವಾದೀತು.

ನಾಲ್ಕನೆಯವನು ಕಂಪ್ಯೂಟರ್ ಸೈನ್ಸ್ ಅಥವಾ ಬಿ.ಸಿ.ಎ. ಇವನಿಗಂತೂ ಲಿನಕ್ಸ್ ಬರೀ ಉಳಿತಾಯವಲ್ಲ, ವಿದ್ಯೆ. ಸಿ, ಪೈಥಾನ್, ಜಾವಾ ಎಲ್ಲವೂ ಅಲ್ಲಿ ಸುಲಭವಾಗಿ ದೊರೆಯುತ್ತವೆ. ಮುಂದೆ ಅವನು ಕೆಲಸ ಮಾಡಬೇಕಾದ ಸರ್ವರ್‌ಗಳಲ್ಲಿ ಬಹುಪಾಲು ಲಿನಕ್ಸಿನಲ್ಲೇ ಓಡುವಂಥವು. ಮನೆಯಲ್ಲೇ ಅಭ್ಯಾಸವಾದರೆ ಒಂದು ಹೆಜ್ಜೆ ಮುಂದೆ.

ಪರೀಕ್ಷೆಗಳ ವಿಷಯದಲ್ಲಿ ಒಂದು ಮಾತು. ಜೆಇಇ ಮೇನ್‌ನಂಥ ಕಂಪ್ಯೂಟರ್ ಆಧಾರಿತ ಪರೀಕ್ಷೆ ನಡೆಯುವುದು ನಿಗದಿತ ಕೇಂದ್ರದ ಯಂತ್ರಗಳಲ್ಲಿ. ಮನೆಯಲ್ಲಿ ಯಾವ ವ್ಯವಸ್ಥೆ ಇದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಮನೆಯಿಂದಲೇ ಬರೆಯುವ ಕೆಲವು ಆನ್‌ಲೈನ್ ಪರೀಕ್ಷೆಗಳು, ಕಂಪನಿಗಳ ಆಯ್ಕೆ ಪರೀಕ್ಷೆಗಳು ವಿಂಡೋಸ್ ಅಥವಾ ಮ್ಯಾಕ್ ಇದ್ದರೆ ಮಾತ್ರ ತೆರೆದುಕೊಳ್ಳುತ್ತವೆ. ಅಂಥದ್ದು ಇದೆಯೇ ಎಂದು ಕಾಲೇಜಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಕನ್ನಡದ ಗತಿಯೇನು?

ವಿಂಡೋಸ್ ಬಿಟ್ಟರೆ ಕನ್ನಡದಲ್ಲಿ ಬರೆಯುವುದು ಹೇಗೆ ಎಂಬ ಆತಂಕ ಕೆಲವರಿಗೆ. ನುಡಿಯ ಬಳಕೆದಾರರಿಗೆ ಇದು ಇನ್ನೂ ಹೆಚ್ಚು. ಸಮಾಧಾನದ ಸಂಗತಿಯೆಂದರೆ, ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ‘ಕಗಪ’ ಹೆಸರಿನ ವಿನ್ಯಾಸ ಲಿನಕ್ಸಿನೊಳಗೇ ಸೇರಿಕೊಂಡಿದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಪಟ್ಟಿ ತೆರೆದು ಅದನ್ನು ಆರಿಸಿಕೊಂಡರಾಯಿತು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರ ಶೈಲಿಗಳೂ ಇವೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ರೂಢಿಯಾಗುವ ಮುನ್ನ ನುಡಿ, ಬರಹಗಳಲ್ಲಿ ಸಿದ್ಧಪಡಿಸಿದ ಅನೇಕ ಕಡತಗಳಲ್ಲಿ ನಿಜವಾಗಿ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಅವಕ್ಕೆ ಕನ್ನಡದ ವೇಷ ತೊಡಿಸುವುದು ಆಯಾ ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಮನೆಯಲ್ಲಿ ಅಂಥ ಕಡತಗಳಿದ್ದರೆ ಯಾವ ವ್ಯವಸ್ಥೆಗೆ ಹೋಗುವುದಾದರೂ ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇದಕ್ಕೆ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ಸರಿಪಡಿಸಿಕೊಳ್ಳಬೇಕು.

ಕೊಳ್ಳುವ ಮೊದಲು ಉಟ್ಟು ನೋಡಿ

ಲಿನಕ್ಸಿನ ದೊಡ್ಡ ಅನುಕೂಲವೆಂದರೆ, ಯಂತ್ರದಲ್ಲಿ ಇರುವುದನ್ನು ಅಳಿಸದೆಯೇ ಅದನ್ನು ಪರೀಕ್ಷಿಸಬಹುದು. ಸುಮಾರು 3 ಜಿಬಿಯಷ್ಟಿರುವ ಮಿಂಟ್ ಕಡತವನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ರೂಫಸ್‌ನಂಥ ಉಚಿತ ತಂತ್ರಾಂಶದಿಂದ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಅದನ್ನು ಬರೆಯಿರಿ. ಆ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿದರೆ ಲಿನಕ್ಸ್ ಅಲ್ಲಿಂದಲೇ ಓಡುತ್ತದೆ. ಕೊಂಚ ನಿಧಾನವಾದರೂ ಕೆಲಸ ತಿಳಿಯುತ್ತದೆ. ವೈಫೈ ಸಿಗುತ್ತಿದೆಯೇ? ಧ್ವನಿ ಬರುತ್ತಿದೆಯೇ? ಕ್ಯಾಮೆರಾ, ಪ್ರಿಂಟರ್ ನಡೆಯುತ್ತಿವೆಯೇ? ಕಾಲೇಜಿನ ತಾಣ ತೆರೆಯುತ್ತದೆಯೇ? ಪೆನ್‌ಡ್ರೈವ್ ತೆಗೆದು ಮತ್ತೆ ಚಾಲೂ ಮಾಡಿದರೆ ಹಳೆಯ ವಿಂಡೋಸ್ ಹಾಗೆಯೇ ಇರುತ್ತದೆ. ‘ಇನ್‌ಸ್ಟಾಲ್’ ಎಂಬ ಗುಂಡಿಯನ್ನು ಮಾತ್ರ ಈ ಹಂತದಲ್ಲಿ ಮುಟ್ಟಬೇಡಿ.

ಈ ಪರೀಕ್ಷೆಗೂ ಮುನ್ನ ಎರಡು ಮುನ್ನೆಚ್ಚರಿಕೆ ಅಗತ್ಯ. ಒಂದು, ಫೋಟೊ, ಅಂಕಪಟ್ಟಿಯ ಪ್ರತಿ, ಪ್ರಾಜೆಕ್ಟ್ ವರದಿಗಳನ್ನೆಲ್ಲ ಬೇರೆ ಡಿಸ್ಕಿನಲ್ಲಿ ನಕಲು ಮಾಡಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಿ. ಎರಡು, ಕೆಲವು ಯಂತ್ರಗಳಲ್ಲಿ ‘ಬಿಟ್‌ಲಾಕರ್’ ಎಂಬ ಗೂಢಲಿಪಿಯ ರಕ್ಷಣೆ ಇರುತ್ತದೆ. ಅದರ ಮರುಪ್ರಾಪ್ತಿಯ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಯಂತ್ರದ ಒಳ ಸೆಟ್ಟಿಂಗ್ ಬದಲಿಸಿದಾಗ ವಿಂಡೋಸ್ ಅದನ್ನು ಕೇಳಬಹುದು. ಇಲ್ಲವಾದರೆ ನಿಮ್ಮ ಕಡತಗಳಿಗೆ ನೀವೇ ಪರಕೀಯರಾಗುತ್ತೀರಿ.

ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳುವ ಉಪಾಯವೂ ಉಂಟು. ಚಾಲೂ ಮಾಡುವಾಗ ಯಾವುದು ಬೇಕೆಂದು ಆರಿಸಿಕೊಳ್ಳಬಹುದು. ಇಂಟರ್‌ನೆಟ್ ಕೆಲಸಕ್ಕೆ ಲಿನಕ್ಸ್, ಜಾಲದಿಂದ ಕಡಿದು ಟ್ಯಾಲಿ ಅಭ್ಯಾಸಕ್ಕೆ ಹಳೆಯ ವಿಂಡೋಸ್ ಎಂಬ ವಿಂಗಡಣೆ ಎರಡನೆಯ ವಿದ್ಯಾರ್ಥಿಯಂಥವರಿಗೆ ಕೆಲಕಾಲ ನಡೆದೀತು. ಡಿಸ್ಕನ್ನು ಭಾಗ ಮಾಡುವ ಕೆಲಸ ಮಾತ್ರ ಅನುಭವಿಗಳ ಎದುರಿನಲ್ಲಿ ನಡೆಯಲಿ.

ಇನ್ನೊಂದು ಸಂಗತಿ. ಯಂತ್ರ ನಿಧಾನವೆಂಬುದೇ ದೂರಾದರೆ, ತಪ್ಪು ಕಾರ್ಯಾಚರಣ ವ್ಯವಸ್ಥೆಯದೇ ಆಗಿರಬೇಕಿಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದರಿಂದ, ಸ್ಮರಣಕೋಶವನ್ನು ಹೆಚ್ಚಿಸುವುದರಿಂದ ಮುದಿ ಯಂತ್ರಕ್ಕೂ ಕಾಲು ಬಂದಂತಾಗುತ್ತದೆ. ಹೊಸ ಲ್ಯಾಪ್‌ಟಾಪಿನ ಬೆಲೆಯೊಡನೆ ಹೋಲಿಸಿದರೆ ಇದರ ಖರ್ಚು ಅಲ್ಪ.

ಯಾವಾಗ?

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದು. ಪ್ರಾಜೆಕ್ಟ್ ಒಪ್ಪಿಸಲು ವಾರವಿರುವಾಗ, ಪರೀಕ್ಷೆಯ ಹೊಸ್ತಿಲಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕಬೇಡಿ. ರಜೆಯ ಮೊದಲ ವಾರ ಸರಿಯಾದ ಕಾಲ. ಅದಕ್ಕೆ ಮುನ್ನ ಒಂದು ಸಂಜೆ ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಈ ಕಂಪ್ಯೂಟರಿನಿಂದ ಮನೆಗೆ ಆಗಬೇಕಾದ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ, ಅದು ವಿಂಡೋಸ್ ಇಲ್ಲದೆ ನಡೆಯುತ್ತದೆಯೇ ಇಲ್ಲವೇ ಎಂದು ಗುರುತು ಹಾಕಿ. ನಡೆಯದೆಂಬ ಗುರುತು ಒಂದೂ ಇಲ್ಲದಿದ್ದರೆ ಲಿನಕ್ಸಿಗೆ ನಿಶ್ಚಿಂತೆಯಿಂದ ಹೋಗಬಹುದು. ಒಂದೆರಡಿದ್ದರೆ ಎರಡನ್ನೂ ಇಟ್ಟುಕೊಳ್ಳುವ ಉಪಾಯ. ಆ ಕೆಲಸಗಳಿಗೆ ಇಂಟರ್‌ನೆಟ್ ಬೇಕಾಗದಿದ್ದರೆ ಮಾತ್ರ. ಓದಿಗೆ ಆಧಾರವಾದ ಕೆಲಸವೇ ಆ ಗುರುತಿನಲ್ಲಿದ್ದರೆ ಹೊಸ ಯಂತ್ರಕ್ಕೆ ಹಣ ಕೂಡಿಸುವುದೇ ಸರಿ.

ಆ ಹಾಳೆ ತುಂಬಿದ ಮೇಲೆ ಅಂಗಡಿಗೆ ಹೋಗಿ. ಆಗ ಏನು ಬೇಕು, ಏನು ಬೇಡ ಎಂದು ಹೇಳುವವರು ನೀವಾಗಿರುತ್ತೀರಿ, ಮಾರುವವರಲ್ಲ.